ಮೈಮೇಲಿನ ಕಲೆ ನೋಡಿ "ಏನಾಯ್ತು?" ಅಂದವರಿಗೆ ಏನು ಹೇಳುವುದು: ಐಟಿಪಿ ಇರುವವರಿಗೊಂದು ಮಾರ್ಗದರ್ಶಿ

ಐಟಿಪಿ ಅಂದರೆ ರಕ್ತದಲ್ಲಿ ಪ್ಲೇಟ್‌ಲೆಟ್ ಎಂಬ ಕಣಗಳು ಕಡಿಮೆಯಾಗಿ ಮೈ ಬೇಗ ನೀಲಿಗಟ್ಟುವ ಕಾಯಿಲೆ. ಅದು ಇರುವವರು ನನ್ನನ್ನು ಕೇಳುವ ಪ್ರಶ್ನೆಗಳಲ್ಲಿ ಮಾತ್ರೆ, ರಕ್ತಪರೀಕ್ಷೆಗಳದ್ದು ಕಡಿಮೆ. ಅದಕ್ಕೆ ಡಾಕ್ಟರ್ ಇದ್ದಾರೆ. ಮತ್ತೆ ಮತ್ತೆ ಬರುವ ಪ್ರಶ್ನೆ ಇದು: "ತೋಳಿನ ಮೇಲೆ ಅಂಗೈಯಗಲ ನೀಲಿ ಕಲೆ ಇದೆ. ಕಂಡವರೆಲ್ಲ ಕೇಳ್ತಾರೆ. ಏನಂತ ಹೇಳಲಿ?"

ನನಗೂ ಇದೇ ಕಾಯಿಲೆ. ವರ್ಷಗಟ್ಟಲೆ ತಪ್ಪು ಉತ್ತರ ಕೊಟ್ಟು ಕೊಟ್ಟು ಕೊನೆಗೆ ಒಂದು ದಾರಿ ಮಾಡಿಕೊಂಡಿದ್ದೇನೆ. ಕುತೂಹಲಕ್ಕೆ ಕೇಳುವವರಿಗೆ ಸ್ವಲ್ಪವೇ ಹೇಳಿ. ತಿಳಿದಿರಲೇಬೇಕಾದವರಿಗೆ ಅವರು ಕೇಳುವ ಮೊದಲೇ ಪೂರ್ತಿ ಹೇಳಿ. ನಾವು ಮಾಡುವುದು ಸಾಮಾನ್ಯವಾಗಿ ಇದರ ಉಲ್ಟಾ. ಲಿಫ್ಟಿನಲ್ಲಿ ಸಿಕ್ಕ ಅಪರಿಚಿತರಿಗೆ ಇಡೀ ಕಥೆ ಹೇಳಿರುತ್ತೇವೆ, ಪಕ್ಕದ ಮೇಜಿನಲ್ಲಿ ದಿನಾ ಕೂರುವವರಿಗೆ ಒಂದಕ್ಷರವೂ ಗೊತ್ತಿರುವುದಿಲ್ಲ.

ಶುರು ಮಾಡುವ ಮೊದಲು

ಇತ್ತೀಚಿನ ಸಿಬಿಸಿ ರಿಪೋರ್ಟ್ ಹತ್ತಿರ ಇಟ್ಟುಕೊಳ್ಳಿ. ಸಿಬಿಸಿ ಅಂದರೆ ರಕ್ತದಲ್ಲಿರುವ ಕಣಗಳನ್ನೆಲ್ಲ ಎಣಿಸುವ ಮಾಮೂಲಿ ಪರೀಕ್ಷೆ. ನೀವು ತೆಗೆದುಕೊಳ್ಳುವ ಔಷಧಿಗಳ ಹೆಸರು ಬೇಕು. ಜೇಬಿಗೆ ಹಿಡಿಯುವಷ್ಟು ದೊಡ್ಡ ಗಟ್ಟಿ ಕಾಗದದ ಚೀಟಿ ಒಂದು. ಒಂದು ಗಾಜಿನ ಲೋಟವೂ ಇರಲಿ, ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಹಂತ 1: ಮೊದಲು ನಿಮಗೇ ಅರ್ಥವಾಗಲಿ

ನಮಗೇ ಅರ್ಧಂಬರ್ಧ ಗೊತ್ತಿದ್ದರೆ ಮೂರನೇ ಪ್ರಶ್ನೆಗೇ ತಡವರಿಸುತ್ತೇವೆ. ತಡವರಿಸಿದರೆ ಕೇಳುವವರಿಗೆ ಅನುಮಾನ ಜಾಸ್ತಿ.

ಪ್ಲೇಟ್‌ಲೆಟ್ ಅಂದರೆ ರಕ್ತದಲ್ಲಿ ತೇಲುವ ಅತಿ ಸಣ್ಣ ಕಣ. ಕನ್ನಡದಲ್ಲಿ ಕಿರುತಟ್ಟೆ ಅನ್ನುತ್ತಾರೆ. ಮೂಳೆಯೊಳಗಿನ ಮಜ್ಜೆಯಲ್ಲಿ ಹುಟ್ಟುತ್ತದೆ, ಹೆಚ್ಚುಕಡಿಮೆ 7ರಿಂದ 10 ದಿನ ಬದುಕುತ್ತದೆ. ರಕ್ತನಾಳದಲ್ಲಿ ಎಲ್ಲಿ ಸೀಳು ಬಿದ್ದರೂ ಇವು ಹೋಗಿ ಅಂಟಿಕೊಂಡು ತೂತು ಮುಚ್ಚುತ್ತವೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ, ಅಂದರೆ ಒಂದು ಮಿಲಿಲೀಟರಿನ ಸಾವಿರದ ಒಂದು ಪಾಲಿನಲ್ಲಿ, 1.5 ಲಕ್ಷದಿಂದ 4.5 ಲಕ್ಷ ಇರುವುದು ಸಾಮಾನ್ಯ. ಇದನ್ನೇ ನಾವು "ಕೌಂಟ್" ಅನ್ನುವುದು.

ಐಟಿಪಿಯಲ್ಲಿ ಈ ಕೌಂಟ್ 1 ಲಕ್ಷಕ್ಕಿಂತ ಕೆಳಗೆ ಇಳಿಯುತ್ತದೆ, ಬೇರೆ ಯಾವ ಕಾರಣವೂ ಸಿಗುವುದಿಲ್ಲ. ಆಗುವುದೇನೆಂದರೆ, ರೋಗಾಣುಗಳ ಮೇಲೆ ಗುರುತು ಹಚ್ಚಬೇಕಾದ ಆ್ಯಂಟಿಬಾಡಿಗಳು ನಮ್ಮದೇ ಪ್ಲೇಟ್‌ಲೆಟ್‌ಗಳ ಮೇಲೆ ಗುರುತು ಹಚ್ಚುತ್ತವೆ. ಗುರುತು ಬಿದ್ದದ್ದನ್ನು ಹೊಟ್ಟೆಯ ಎಡಭಾಗದಲ್ಲಿರುವ ಗುಲ್ಮದ ಕಣಗಳು ನುಂಗುತ್ತವೆ. ಜೊತೆಗೆ ಮಜ್ಜೆಯಲ್ಲಿ ಹೊಸ ಪ್ಲೇಟ್‌ಲೆಟ್ ತಯಾರಾಗುವುದೂ ಹಲವರಲ್ಲಿ ಸಾಕಷ್ಟಿರುವುದಿಲ್ಲ.

ಹೆಸರಿನ ಬಗ್ಗೆ ಒಂದು ಮಾತು. ಹಳೆಯ ರಿಪೋರ್ಟ್‌ಗಳಲ್ಲಿ ಐಟಿಪಿಯ 'ಐ' ಅಂದರೆ ಇಡಿಯೋಪಥಿಕ್, ಅಂದರೆ "ಕಾರಣ ಗೊತ್ತಿಲ್ಲ". 2009ರಲ್ಲಿ ತಜ್ಞರ ಅಂತರರಾಷ್ಟ್ರೀಯ ಗುಂಪೊಂದು ಅದನ್ನು ಇಮ್ಯೂನ್ ಥ್ರಾಂಬೋಸೈಟೋಪೀನಿಯಾ ಎಂದು ಬದಲಿಸಿತು. ಥ್ರಾಂಬೋಸೈಟೋಪೀನಿಯಾ ಅಂದರೆ ಪ್ಲೇಟ್‌ಲೆಟ್ ಕೊರತೆ, ಇಮ್ಯೂನ್ ಅಂದರೆ ದೇಹದ ರಕ್ಷಣಾ ವ್ಯವಸ್ಥೆಯಿಂದಾಗಿ ಬಂದದ್ದು. ಅವರೇ ಅವಧಿಯನ್ನೂ ವಿಂಗಡಿಸಿದರು. 3 ತಿಂಗಳವರೆಗೆ ಹೊಸತು, 3ರಿಂದ 12 ತಿಂಗಳು ಮುಂದುವರಿದದ್ದು, 12 ತಿಂಗಳು ದಾಟಿದರೆ ದೀರ್ಘಕಾಲದ್ದು. ಹಾಗಾಗಿ "ಕ್ರಾನಿಕ್" ಅಂತ ರಿಪೋರ್ಟಿನಲ್ಲಿ ಕಂಡರೆ ಎದೆ ಒಡೆದುಕೊಳ್ಳಬೇಡಿ. ಅದು ಕಾಯಿಲೆಯ ವಯಸ್ಸು, ತೀವ್ರತೆ ಅಲ್ಲ.

ಎಚ್ಚರಿಕೆ: ಸುಲಭ ಮಾಡಲು ಹೋಗಿ "ರಕ್ತ ಕಡಿಮೆ ಇದೆ" ಅನ್ನಬೇಡಿ. ಕೇಳುವವರು ಅದನ್ನು ರಕ್ತಹೀನತೆ ಅಂದುಕೊಳ್ಳುತ್ತಾರೆ, ಕಬ್ಬಿಣಾಂಶದ ಉಪದೇಶ ಶುರುವಾಗುತ್ತದೆ. "ರಕ್ತ ತೆಳುವಾಗಿದೆ" ಅಂದರೆ ಹೃದಯದವರು ತೆಗೆದುಕೊಳ್ಳುವ ಮಾತ್ರೆ ನೆನಪಾಗುತ್ತದೆ. "ಬ್ಲಡ್ ಪ್ರಾಬ್ಲಂ" ಅಂತೂ ಬೇಡವೇ ಬೇಡ. ಆ ಎರಡು ಪದ ಕೇಳಿದವರ ಮುಖ ಬಿಳಿಚಿಕೊಳ್ಳುವುದನ್ನು ನಾನು ಎಷ್ಟು ಸಲ ನೋಡಿಲ್ಲ! ನೇರವಾಗಿ ಕ್ಯಾನ್ಸರಿಗೆ ಹೋಗಿಬಿಡುತ್ತಾರೆ.

ಹಂತ 2: ಕೇಳುತ್ತಿರುವವರು ಯಾರು, ನೋಡಿ

ಉತ್ತರ ಹುಡುಕುವ ಮೊದಲು ಮನಸ್ಸಿನಲ್ಲೇ ಒಂದು ಪ್ರಶ್ನೆ ಕೇಳಿಕೊಳ್ಳಿ: ನಾನು ಬಿದ್ದು ತಲೆಗೆ ಪೆಟ್ಟಾದರೆ ಇವರು ಪಕ್ಕದಲ್ಲಿ ಇರುತ್ತಾರಾ? ಇಲ್ಲ ಅಂದರೆ ಒಂದು ಸಾಲು ಸಾಕು. ಇರುತ್ತಾರೆ ಅಂದರೆ ಅವರಿಗೆ ಹಂತ 7ರ ಚೀಟಿ ಸಿಗಬೇಕು. ಇವೆರಡರ ನಡುವಿನವರು, ಅಂದರೆ ಆಗಾಗ ಸಿಗುವ ನೆಂಟರು, ಸಹಪಾಠಿಗಳು, ಅವರಿಗೆ ಮಧ್ಯದ ಉತ್ತರ.

ಹಂತ 3: ಮೂರು ಅಳತೆಯ ಉತ್ತರ ಹೊಲಿದಿಟ್ಟುಕೊಳ್ಳಿ

ಚಿಕ್ಕದು: "ನನಗೆ ಬೇಗ ನೀಲಿಗಟ್ಟುತ್ತದೆ, ನೋವೇನಿಲ್ಲ. ಕೇಳಿದ್ದಕ್ಕೆ ಥ್ಯಾಂಕ್ಸ್."

ಇದರಲ್ಲಿ ಕಾಯಿಲೆಯ ಹೆಸರೇ ಇಲ್ಲ ಗಮನಿಸಿ. ಹೆಸರು ಹೇಳಿದರೆ ಮುಂದಿನ ಪ್ರಶ್ನೆಗೆ ನೀವೇ ಬಾಗಿಲು ತೆಗೆದ ಹಾಗೆ. ಕೊನೆಯ ಥ್ಯಾಂಕ್ಸ್ ಮಾತು ಮುಗಿಯಿತು ಅನ್ನುವುದನ್ನು ಮರ್ಯಾದೆಯಿಂದ ತಿಳಿಸುತ್ತದೆ.

ಮಧ್ಯದ್ದು: "ನನಗೆ ಐಟಿಪಿ ಅಂತ ಇದೆ. ರಕ್ತ ಸೋರದ ಹಾಗೆ ತಡೆಯುವ ಪ್ಲೇಟ್‌ಲೆಟ್‌ಗಳನ್ನ ನನ್ನ ದೇಹವೇ ತಪ್ಪಾಗಿ ನಾಶ ಮಾಡುತ್ತದೆ. ಅದಕ್ಕೇ ಈ ಕಲೆಗಳು. ಅಂಟುವುದಿಲ್ಲ, ಕ್ಯಾನ್ಸರ್ ಅಲ್ಲ. ಡಾಕ್ಟರ್ ನೋಡ್ತಾ ಇದ್ದಾರೆ."

ದೊಡ್ಡದರಲ್ಲಿ ಇಷ್ಟರ ಜೊತೆಗೆ ನಿಮ್ಮ ಔಷಧಿ, ನೀವು ಮಾಡದ ಕೆಲಸಗಳು, ತುರ್ತು ಸಂದರ್ಭದಲ್ಲಿ ಅವರು ಏನು ಮಾಡಬೇಕು ಎಲ್ಲ ಬರುತ್ತದೆ.

ಮೂರನ್ನೂ ಕನ್ನಡಿ ಮುಂದೆ ನಿಂತು ಜೋರಾಗಿ ಹೇಳಿ ನೋಡಿ. ನಗು ಬಂದರೂ ಪರವಾಗಿಲ್ಲ. ಬರೆದದ್ದು ಬಾಯಿಗೆ ಬರುವಾಗ ಬೇರೆಯೇ ಆಗುತ್ತದೆ. ಎಲ್ಲಿ ನಾಲಿಗೆ ತೊಡರುತ್ತದೋ ಆ ಪದ ಬದಲಿಸಿ.

ಎಚ್ಚರಿಕೆ: "ಬಾಗಿಲಿಗೆ ತಾಗಿತು" ಅಂತ ಸುಮ್ನೆ ಒಂದು ಸುಳ್ಳು ಹೇಳಿ ತಪ್ಪಿಸಿಕೊಳ್ಳುವ ಆಸೆ ಆಗುತ್ತದೆ. ಅಪರಿಚಿತರ ಹತ್ತಿರ ನಡೆಯುತ್ತದೆ. ದಿನಾ ನೋಡುವವರ ಹತ್ತಿರ ಬೇಡ. ಮುಂದಿನ ವಾರ ಇನ್ನೊಂದು ಕಲೆ, ಅದರ ಮುಂದಿನ ವಾರ ಮತ್ತೊಂದು. ಎಷ್ಟು ಬಾಗಿಲು ಅಂತ ಹುಡುಕುತ್ತೀರಿ? ಜೊತೆಗೆ ಅದು ಹೊಡೆತ ತಿನ್ನುವವರು ಹೇಳುವ ಮಾತಿನ ಹಾಗೆಯೇ ಕೇಳಿಸುತ್ತದೆ.

ಹಂತ 4: ಪ್ರಶ್ನೆಯ ಒಳಗಿರುವ ಭಯಕ್ಕೆ ಉತ್ತರಿಸಿ

"ಏನಾಯ್ತು?" ಅನ್ನುವುದು ಮೇಲಿನ ಮಾತು. ಒಳಗೆ ಸಾಮಾನ್ಯವಾಗಿ ಒಂದು ಹೆದರಿಕೆ ಇರುತ್ತದೆ. ಅದಕ್ಕೆ ಸಮಾಧಾನ ಸಿಕ್ಕರೆ ಮುಕ್ಕಾಲು ಪಾಲು ಜನ ಅಲ್ಲಿಗೇ ನಿಲ್ಲಿಸುತ್ತಾರೆ.

ನಿಮ್ಮ ಕೈ ಮುಟ್ಟಲು ಹಿಂಜರಿಯುವವರಿಗೆ ಅಂಟುತ್ತದೆಯೇ ಅನ್ನುವ ಭಯ. "ಇದು ರೋಗಾಣುವಿನಿಂದ ಒಬ್ಬರಿಂದೊಬ್ಬರಿಗೆ ಹರಡುವ ಕಾಯಿಲೆ ಅಲ್ಲ" ಅಂತ ಮೊದಲೇ ಹೇಳಿಬಿಡಿ.

"ಡೆಂಗೆ ಆಗಿತ್ತಾ?" ಅನ್ನುವವರೂ ಸಿಗುತ್ತಾರೆ. ಪ್ಲೇಟ್‌ಲೆಟ್ ಅನ್ನುವ ಪದವನ್ನು ಎಷ್ಟೋ ಜನ ಕೇಳಿರುವುದು ಅಲ್ಲೇ. ಡೆಂಗೆಯಲ್ಲಿ ಜ್ವರ ಇಳಿದ ಮೇಲೆ ಕೆಲವೇ ದಿನಗಳಲ್ಲಿ ಕೌಂಟ್ ತಾನಾಗಿಯೇ ಏರುತ್ತದೆ, ನಮ್ಮದರಲ್ಲಿ ವರ್ಷಗಟ್ಟಲೆ ಏರಿಳಿಯುತ್ತದೆ. ಇಷ್ಟು ಹೇಳಿದರೆ ಸಾಕು. ಇವರೇ ಮುಂದೆ "ಹಾಗಾದ್ರೆ ಪ್ಲೇಟ್‌ಲೆಟ್ ಹಾಕಿಸಿಕೊಂಡ್ರೆ ಆಗಲ್ವಾ?" ಅನ್ನುತ್ತಾರೆ. ಹೊರಗಿನಿಂದ ಹಾಕಿದ್ದನ್ನೂ ಅದೇ ಆ್ಯಂಟಿಬಾಡಿಗಳು ಬೇಗ ಮುಗಿಸಿಬಿಡುತ್ತವೆ. ಹಾಗಾಗಿ ಅದನ್ನು ಜೀವಕ್ಕೆ ಅಪಾಯ ಇರುವಷ್ಟು ರಕ್ತಸ್ರಾವ ಆದಾಗ ಇತರ ಚಿಕಿತ್ಸೆಗಳ ಜೊತೆ ಕೊಡುತ್ತಾರೆ, ದಿನನಿತ್ಯದ ಪರಿಹಾರ ಅಲ್ಲ.

ನಂಬದವರಿಗೆ ಒಂದು ಕಥೆ ಇದೆ, ನಿಜವಾದದ್ದು. 1950ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ವಿಲಿಯಂ ಹ್ಯಾರಿಂಗ್ಟನ್ ಎಂಬ ಯುವ ವೈದ್ಯ ಐಟಿಪಿ ಇದ್ದ ರೋಗಿಯೊಬ್ಬರ ರಕ್ತವನ್ನು ತನ್ನ ಮೈಗೇ ಹತ್ತಿಸಿಕೊಂಡ. ಕೆಲವೇ ಗಂಟೆಗಳಲ್ಲಿ ಅವನ ಕೌಂಟ್ ಪಾತಾಳಕ್ಕೆ ಇಳಿಯಿತು, ಮೈಮೇಲೆ ಕೆಂಪು ಚುಕ್ಕಿ ಎದ್ದವು. ಸುಮಾರು ಒಂದು ವಾರದಲ್ಲಿ ಸುಧಾರಿಸಿಕೊಂಡ. ಪ್ಲೇಟ್‌ಲೆಟ್ ನಾಶ ಮಾಡುವ ಅಂಶ ರಕ್ತದಲ್ಲೇ ಇದೆ ಅನ್ನುವುದು ಹಾಗೆ ಗೊತ್ತಾಯಿತು. ಕಥೆ ಚೆನ್ನಾಗಿದೆ, ಆದರೆ ಅಂಟುತ್ತದೆ ಅಂತ ಹೆದರಿರುವವರಿಗೆ ಮಾತ್ರ ಹೇಳಲು ಹೋಗಬೇಡಿ. ನಾನು ಒಮ್ಮೆ ಹೇಳಿ ಕೆಟ್ಟೆ.

ಇನ್ನು ಕಷ್ಟದ್ದು: "ಮನೆಯಲ್ಲಿ ಯಾರಾದ್ರೂ ಹೊಡೀತಾರಾ?" ಬಾಯಿಬಿಟ್ಟು ಕೇಳುವವರು ಕಡಿಮೆ. ಕಣ್ಣಿನಲ್ಲೇ ಕೇಳುವವರು ಜಾಸ್ತಿ, ಅದೂ ನಿಮ್ಮ ಪಕ್ಕದಲ್ಲಿ ನಿಂತ ಗಂಡನನ್ನೋ ಅಪ್ಪನನ್ನೋ ನೋಡುತ್ತಾ. ಸಿಟ್ಟು ಬರುತ್ತದೆ, ನಿಜ. ಆದರೆ ಇಷ್ಟೂ ಜನರಲ್ಲಿ ನಿಮ್ಮ ಒಳ್ಳೆಯದಕ್ಕೇ ಕೇಳುತ್ತಿರುವವರು ಇವರೇ. "ನೀವು ಕೇಳಿದ್ದು ಒಳ್ಳೇದೇ ಆಯ್ತು. ನನಗೆ ಪ್ಲೇಟ್‌ಲೆಟ್ ಕಾಯಿಲೆ ಇದೆ, ಮೆತ್ತಗೆ ತಾಗಿದರೂ ಹೀಗಾಗುತ್ತದೆ" ಅನ್ನಿ. ಪಕ್ಕದಲ್ಲಿರುವವರು ನಿಮ್ಮ ಪರವಾಗಿ ಉತ್ತರಿಸುವುದು ಬೇಡ, ನೀವೇ ಹೇಳಿ. ಅವರು ಹೇಳಿದರೆ ಅನುಮಾನ ಇಮ್ಮಡಿಯಾಗುತ್ತದೆ. ಮತ್ತೆ, ನಿಜವಾಗಿಯೂ ಯಾರಾದರೂ ನಿಮ್ಮ ಮೇಲೆ ಕೈ ಮಾಡುತ್ತಿದ್ದರೆ ಐಟಿಪಿಯನ್ನು ಅವರ ಮರೆಗೆ ಹಿಡಿಯಬೇಡಿ. ನಿಮ್ಮ ಕೌಂಟಿನಲ್ಲಿ ಒಂದು ಏಟು ಬೇರೆಯವರಿಗಿಂತ ತುಂಬಾ ದುಬಾರಿ. ಡಾಕ್ಟರಿಗೆ ಹೇಳಿ.

ಹಂತ 5: ಮಾತು ಸಾಲದ ಕಡೆ ತೋರಿಸಿ

ಈಗ ಗಾಜಿನ ಲೋಟ. ಕಾಲಿನ ಮೇಲೆ, ಕಣಕಾಲಿನ ಹತ್ತಿರ, ಸೂಜಿಮೊನೆಯಲ್ಲಿ ಚುಕ್ಕಿ ಇಟ್ಟ ಹಾಗೆ ಕೆಂಪು ಚುಕ್ಕಿಗಳು ಇರುತ್ತವಲ್ಲ, ಅವಕ್ಕೆ ಪೆಟೀಕಿಯೆ ಅನ್ನುತ್ತಾರೆ. ಒಂದೊಂದೂ 1–2 ಮಿಲಿಮೀಟರ್. ಅತಿ ಸಣ್ಣ ರಕ್ತನಾಳಗಳಿಂದ ಚರ್ಮದೊಳಗೆ ಜಿನುಗಿದ ರಕ್ತ ಅದು. ನೋಡಿದವರು ಅಲರ್ಜಿ ಅನ್ನುತ್ತಾರೆ, ಸೊಳ್ಳೆ ಕಡಿತ ಅನ್ನುತ್ತಾರೆ.

ಲೋಟದ ಬದಿಯನ್ನು ಚುಕ್ಕಿಗಳ ಮೇಲೆ ಮೆತ್ತಗೆ ಒತ್ತಿ, ಗಾಜಿನ ಮೂಲಕ ನೋಡಲು ಹೇಳಿ. ಸುತ್ತಲಿನ ಚರ್ಮ ಬಿಳಿಚಿಕೊಳ್ಳುತ್ತದೆ. ಚುಕ್ಕಿಗಳು ಮಾತ್ರ ಹಾಗೇ ಕೆಂಪಗೆ ಉಳಿಯುತ್ತವೆ. ಆಮೇಲೆ ಮಾಮೂಲಿ ಗಂಧೆಯೋ ಕಡಿತದ ಕೆಂಪೋ ಇದ್ದರೆ ಅದರ ಮೇಲೆ ಒತ್ತಿ ತೋರಿಸಿ. ಅದು ಮಾಯವಾಗಿ, ಲೋಟ ತೆಗೆದ ಮೇಲೆ ಮತ್ತೆ ಬರುತ್ತದೆ. ಅಲ್ಲಿ ರಕ್ತ ನಾಳದೊಳಗೇ ಇದೆ, ಒತ್ತಿದರೆ ಸರಿಯುತ್ತದೆ. ಇಲ್ಲಿ ಹೊರಗೆ ಬಂದುಬಿಟ್ಟಿದೆ, ಎಲ್ಲಿಗೆ ಸರಿಯಬೇಕು? ಅರ್ಧ ಗಂಟೆ ವಿವರಿಸಿದರೂ ಆಗದ ಕೆಲಸ ಹತ್ತು ಸೆಕೆಂಡಿನಲ್ಲಿ ಆಗುತ್ತದೆ.

ದೊಡ್ಡ ಕಲೆಗಳ ಬಣ್ಣವನ್ನೂ ಹೀಗೆಯೇ ವಿವರಿಸಬಹುದು. ಮೊದಲು ಕೆಂಪು, ನೇರಳೆ. ಆಮೇಲೆ ಅಂಚಿನಿಂದ ಹಸಿರು, ಹಳದಿ, ಕೊನೆಗೆ ಕಂದು. ಸೋರಿದ ರಕ್ತದ ಹಿಮೋಗ್ಲೋಬಿನ್ ಅನ್ನು ದೇಹ ಒಡೆದು ಸಾಗಿಸುವಾಗ ಬರುವ ಬಣ್ಣಗಳು ಅವು. "ಹಸಿರಾಗಿದೆ, ಕೀವು ಆಗಿದೆಯಾ?" ಅಂತ ಕೇಳಿದವರಿಗೆ "ಇಲ್ಲ, ವಾಸಿ ಆಗ್ತಿದೆ" ಅನ್ನಬಹುದು.

ಎಚ್ಚರಿಕೆ: ತೋರಿಸುವುದು ನಿಮ್ಮಿಷ್ಟ. ಯಾರಾದರೂ ಬೆರಳಿನಿಂದ ಒತ್ತಿ ನೋಡಲು ಬಂದರೆ ಕೈ ಹಿಂದೆ ತೆಗೆದುಕೊಳ್ಳಿ. ಅದಕ್ಕೆ ಕಾರಣ ಹೇಳಬೇಕಾಗಿಲ್ಲ.

ಹಂತ 6: ಮಕ್ಕಳು

ಮಕ್ಕಳು ಕೇಳಿದರೆ ಸಂತೋಷಪಡಿ, ಅವರಷ್ಟು ನೇರವಾಗಿ ಕೇಳುವವರು ಇಲ್ಲ. "ನನ್ನ ಮೈಯೊಳಗೆ ತೂತು ಮುಚ್ಚುವ ಕೆಲಸಗಾರರು ಕಡಿಮೆ. ಅದಕ್ಕೆ ಸ್ವಲ್ಪ ಬಣ್ಣ ಸೋರಿದೆ" ಅಂದರೆ "ಓಹ್" ಅಂದು ಆಟಕ್ಕೆ ಓಡುತ್ತಾರೆ.

ಕಾಯಿಲೆ ಮಗುವಿಗೇ ಇದ್ದರೆ ಕೆಲಸ ಬೇರೆ. ಮಕ್ಕಳಲ್ಲಿ ಇದು ಹೆಚ್ಚಾಗಿ ಯಾವುದೋ ವೈರಸ್ ಸೋಂಕಿನ ನಂತರ ಬರುತ್ತದೆ, ಬಹುಪಾಲು ಮಕ್ಕಳಲ್ಲಿ ಕೆಲವು ತಿಂಗಳಿಂದ ಒಂದು ವರ್ಷದೊಳಗೆ ತಾನಾಗಿ ಹೋಗುತ್ತದೆ. ದೊಡ್ಡವರಲ್ಲಿ ಉಳಿದುಕೊಳ್ಳುವುದೇ ಜಾಸ್ತಿ. ಶಾಲೆಗೆ ಡಾಕ್ಟರ್ ಪತ್ರ ಮೊದಲ ದಿನವೇ ಕೊಡಿ, ಕಲೆ ನೋಡಿ ಅವರು ನಿಮ್ಮನ್ನು ಕರೆಸುವವರೆಗೆ ಕಾಯಬೇಡಿ. ಗೆಳೆಯರಿಗೆ ಏನು ಹೇಳಬೇಕು ಅನ್ನುವುದನ್ನು ಮಗುವೇ ಆರಿಸಲಿ. ನನಗೆ ಗೊತ್ತಿರುವ ಒಂದು ಹುಡುಗಿ "ಇದು ನನ್ನ ಚಿರತೆ ಚುಕ್ಕಿ" ಅನ್ನುತ್ತಾಳೆ. ತಿದ್ದಲು ಹೋಗಲಿಲ್ಲ ನಾನು.

ಹಂತ 7: ಗೊತ್ತಿರಲೇಬೇಕಾದವರಿಗೆ ಚೀಟಿ ಕೊಡಿ

ಮನೆಯವರು, ಕೆಲಸದ ಜಾಗದಲ್ಲಿ ಒಬ್ಬರು, ಪ್ರಯಾಣದ ಜೊತೆಗಾರರು, ವ್ಯಾಯಾಮ ಹೇಳಿಕೊಡುವವರು. ಹಲ್ಲಿನ ಡಾಕ್ಟರಿಗಂತೂ ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಬೇಕು. ಇವರು ಕೇಳಲಿ ಅಂತ ಕಾಯಬೇಡಿ.

ಚೀಟಿಯಲ್ಲಿ ನಿಮ್ಮ ಹೆಸರು, ರಕ್ತದ ಗುಂಪು, "ಐಟಿಪಿ, ಪ್ಲೇಟ್‌ಲೆಟ್ ಕಡಿಮೆ ಇರುವ ಕಾಯಿಲೆ" ಎಂಬ ಸಾಲು, ಔಷಧಿಗಳು, ನೋಡುವ ಡಾಕ್ಟರ್ ಮತ್ತು ಮನೆಯವರ ಫೋನ್ ನಂಬರ್ ಇರಲಿ. ಗುಲ್ಮ ತೆಗೆಸಿದ್ದರೆ ಅದನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ. ಅಂಥವರಿಗೆ ಜ್ವರ ಬಂದರೆ ಅದೇ ತುರ್ತು. "ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೊಡಬೇಡಿ" ಅಂತಲೂ ಬರೆಯಿರಿ. ಇವು ಇರುವ ಪ್ಲೇಟ್‌ಲೆಟ್‌ಗಳ ಕೆಲಸಕ್ಕೂ ಅಡ್ಡಿ ಮಾಡುತ್ತವೆ. ತಲೆನೋವು ಅಂದ ಕೂಡಲೇ ಒಳ್ಳೆಯ ಮನಸ್ಸಿನಿಂದ ಮಾತ್ರೆ ಚಾಚುವವರು ಎಲ್ಲ ಕಡೆ ಇದ್ದಾರೆ, ಅಲ್ವಾ? ಮಾಂಸಖಂಡಕ್ಕೆ ಚುಚ್ಚುವ ಇಂಜೆಕ್ಷನ್ ಕೊಡುವ ಮೊದಲೂ ನಿಮ್ಮ ಡಾಕ್ಟರನ್ನು ಕೇಳಬೇಕು.

ಚೀಟಿ ಕೊಟ್ಟು ಇದನ್ನು ಬಾಯಲ್ಲೂ ಹೇಳಿ: ತಲೆಗೆ ಜೋರು ಪೆಟ್ಟು, ಎಂದೂ ಇಲ್ಲದಂಥ ತಲೆನೋವು, ವಾಂತಿ, ಮಂಪರು, ಮಾತು ತೊದಲುವುದು, ಮಲದಲ್ಲಿ ರಕ್ತ ಅಥವಾ ಡಾಂಬರಿನಂಥ ಕಪ್ಪು ಮಲ, ನಿಲ್ಲದ ರಕ್ತಸ್ರಾವ. ಇವುಗಳಲ್ಲಿ ಯಾವುದು ಕಂಡರೂ ಸೀದಾ ತುರ್ತು ಚಿಕಿತ್ಸೆಗೆ. ಬಾಯೊಳಗೆ ರಕ್ತದ ಗುಳ್ಳೆ ಎದ್ದರೆ ಅದೇ ದಿನ ಡಾಕ್ಟರಿಗೆ ಫೋನ್ ಮಾಡಬೇಕು. ಮೂಗಿನಲ್ಲಿ ರಕ್ತ ಬಂದರೆ ತಲೆ ಹಿಂದಕ್ಕೆ ಬಾಗಿಸುವುದಲ್ಲ. ಮುಂದಕ್ಕೆ ಬಾಗಿ ಮೂಗಿನ ಮೆತ್ತನೆ ಭಾಗವನ್ನು 10–15 ನಿಮಿಷ ಬಿಡದೆ ಹಿಡಿಯಬೇಕು. ನಡುವೆ ನಡುವೆ ಬಿಟ್ಟು "ನಿಂತಿತಾ" ಅಂತ ನೋಡುವುದೇ ಎಲ್ಲರೂ ಮಾಡುವ ತಪ್ಪು.

ಚರ್ಮದ ಮೇಲಿನ ನೀಲಿ ಕಲೆ ಒಂದೇ ಆದರೆ ಗಾಬರಿ ಬೇಡ ಅಂತಲೂ ಹೇಳಿ. ಇಲ್ಲದಿದ್ದರೆ ಪ್ರತಿ ಕಲೆಗೂ ಆಂಬುಲೆನ್ಸ್ ಕರೆಯುತ್ತಾರೆ.

ಹಂತ 8: ಸಲಹೆಗಾರರು, ಕೌಂಟ್ ಕೇಳುವವರು, "ದಪ್ಪ ಆಗಿದ್ದೀಯಲ್ಲ" ಅನ್ನುವವರು

ಒಮ್ಮೆ ಗೊತ್ತಾದ ಮೇಲೆ ಕೆಲವರು ಸಿಕ್ಕಾಗಲೆಲ್ಲ ಕ್ರಿಕೆಟ್ ಸ್ಕೋರ್ ಕೇಳಿದ ಹಾಗೆ ಕೌಂಟ್ ಕೇಳುತ್ತಾರೆ. 28 ಸಾವಿರ ಅಂದರೆ ಅವರ ಮುಖ ಬಾಡುತ್ತದೆ, ಆಮೇಲೆ ನೀವೇ ಅವರನ್ನು ಸಮಾಧಾನ ಮಾಡಬೇಕು. ಸಂಖ್ಯೆ ಹೇಳಬೇಡಿ. 50 ಸಾವಿರದ ಮೇಲಿದ್ದರೆ ತಾನಾಗಿ ದೊಡ್ಡ ರಕ್ತಸ್ರಾವ ಆಗುವುದು ಅಪರೂಪ. 30 ಸಾವಿರದ ಆಸುಪಾಸಿನಲ್ಲೂ ರಕ್ತಸ್ರಾವ ಇಲ್ಲದ ದೊಡ್ಡವರಿಗೆ ಎಷ್ಟೋ ಸಲ ಔಷಧಿ ಕೊಡದೆ ಕಾದು ನೋಡುತ್ತಾರೆ. ಇದೆಲ್ಲ ಗೊತ್ತಿಲ್ಲದವರಿಗೆ ಸಂಖ್ಯೆ ಬರೀ ಹೆದರಿಕೆ. "ಹೋದ ಸಲದ ಹಾಗೇ ಇದೆ" ಅಂದರೆ ಸಾಕು.

ಮನೆಮದ್ದು ಹೇಳುವವರಿಗೆ ಒಂದೇ ಸಾಲು: "ಡಾಕ್ಟರ್ ಹತ್ತಿರ ಕೇಳಿ ನೋಡ್ತೀನಿ." ವಾದಕ್ಕೆ ಇಳಿದರೆ ಸಂಜೆ ಆಗುತ್ತದೆ.

"ದಪ್ಪ ಆಗಿದ್ದೀಯಲ್ಲ" ಮಾತ್ರ ನೋಯಿಸುತ್ತದೆ. ಐಟಿಪಿಗೆ ಕೊಡುವ ಪ್ರೆಡ್ನಿಸೋಲೋನ್‌ನಂಥ ಸ್ಟೀರಾಯ್ಡ್ ತಿಂದರೆ ಹಸಿವು ಹೆಚ್ಚುತ್ತದೆ, ಮುಖ ಚಂದ್ರನ ಹಾಗೆ ಉಬ್ಬುತ್ತದೆ, ನಿದ್ದೆ ಕೆಡುತ್ತದೆ, ಸುಮ್‌ಸುಮ್ನೆ ಅಳು ಬರುತ್ತದೆ. "ಔಷಧಿಯಿಂದ ಮುಖ ಊದಿದೆ, ಡೋಸ್ ಕಡಿಮೆ ಆದ ಮೇಲೆ ಇಳಿಯುತ್ತದೆ" ಅನ್ನಿ, ವಿಷಯ ಬದಲಿಸಿ.

ಎಚ್ಚರಿಕೆ: ಈ ಇಡೀ ಬರಹದಲ್ಲಿ ಅತಿ ಮುಖ್ಯವಾದದ್ದು ಇದೇ. ಜನರ ಮಾತಿಗೆ ನೊಂದು ಸ್ಟೀರಾಯ್ಡ್ ಅನ್ನು ನೀವಾಗಿಯೇ ನಿಲ್ಲಿಸಬೇಡಿ. ಕೆಲವು ವಾರ ತಿಂದ ಮೇಲೆ ದೇಹ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ. ಥಟ್ಟನೆ ಬಿಟ್ಟರೆ ಕೌಂಟ್ ಬೀಳುವುದಷ್ಟೇ ಅಲ್ಲ, ಬಿಪಿ ಕುಸಿದು ಜೀವಕ್ಕೇ ಕುತ್ತಾಗಬಹುದು. ಮುಖದ ಊತ ಸಹಿಸಲು ಆಗುತ್ತಿಲ್ಲ ಅಂದರೆ ಅದನ್ನೇ ಡಾಕ್ಟರಿಗೆ ಹೇಳಿ. ಎಲ್ಟ್ರಾಂಬೊಪ್ಯಾಗ್, ರೋಮಿಪ್ಲೊಸ್ಟಿಮ್‌ನಂಥ, ಮಜ್ಜೆಗೆ "ಇನ್ನಷ್ಟು ಮಾಡು" ಅನ್ನುವ ಔಷಧಿಗಳು 2008ರಿಂದ ಇವೆ. ಬೇರೆ ದಾರಿಗಳೂ ಇವೆ.

ಕಣ್ಣಿಗೆ ಕಾಣದ ಇನ್ನೊಂದಿದೆ, ಸುಸ್ತು. ಐಟಿಪಿಯಲ್ಲಿ ಇದು ತುಂಬಾ ಸಾಮಾನ್ಯ. ಕಲೆ ಇಲ್ಲದ ದಿನ "ಇವತ್ತು ಚೆನ್ನಾಗಿದ್ದೀಯ" ಅಂತ ಹೇಳಿ ಕೆಲಸ ಹೊರಿಸುವವರಿಗೆ "ಕಲೆ ಹೋಗಿದೆ, ಸುಸ್ತು ಹೋಗಿಲ್ಲ" ಅಂತ ಹೇಳಲು ಸಂಕೋಚ ಬೇಡ.

ಕೊನೆಯದಾಗಿ, ಚೀಟಿಯಲ್ಲಿ ಔಷಧಿಗಳ ಸಾಲನ್ನು ಪೆನ್ಸಿಲಿನಲ್ಲಿ ಬರೆಯಿರಿ, ಪಕ್ಕದಲ್ಲಿ ತಾರೀಖು ಹಾಕಿ. ಪ್ರತಿ ಸಲ ಡಾಕ್ಟರ್ ಹತ್ತಿರ ಹೋಗಿ ಬಂದ ಸಂಜೆ ಅಳಿಸಿ ಹೊಸದು ಬರೆಯಿರಿ. ನನ್ನ ಚೀಟಿಯಲ್ಲಿ ಆ ಜಾಗ ಸವೆದು ಕಾಗದ ತೆಳ್ಳಗಾಗಿದೆ, ಈ ವಾರ ಹೊಸ ಚೀಟಿ ಮಾಡಬೇಕು.